ಹನ್ನೆರಡನೆಯ ಚಮಚ

ಕಂಪ್ಲಿ
೧೧ ಫೆಬ್ರವರಿ ೧೯೪೬

ಅಣ್ಣ ತೋಟಪ್ಪನಿಗೆ ತಂಗಿ ಪಂಪಮ್ಮನ ಶರಣು.

ಸಂಕ್ರಾಂತಿಗೆ ತವರಿಗೆ ಬಂದ ತಂಗಿ ಒಂದು ತುತ್ತೂ ಉಣ್ಣದೆ ಹೊರಟುಹೋದಳು ಎಂದು ಹೊಸಪೇಟೆಯಲ್ಲಿ ಚಿತ್ತವಾಡ್ಗಿಯ ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಹೇಳು, ನನ್ನ ಅಡ್ಡಿಯಿಲ್ಲ. ಯಾಕೆ ಉಣ್ಣಲಿಲ್ಲ ಎಂಬುದನ್ನೂ ಜೊತೆಗೆ ಹೇಳು.

ಅಪ್ಪನ ಕಾಲದ ಅಡ್ಡಣಿಗೆ. ಅದರ ಮೇಲೆ ತಾಟು. ತಾಟಿನ ಬಲಕ್ಕೆ ಒಂದು ಚಮಚ, ಎಡಕ್ಕೆ ಒಂದು ಮುಳ್ಳುಚಮಚ. ಅತ್ತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿಸಿದಳು. ನೀನು ಅದನ್ನು ಮುಳ್ಳಿನಿಂದ ಚುಚ್ಚಿದೆ. ಒಣಗಿದ ಕಟಿರೊಟ್ಟಿ ಒಡೆದು ಒಂದು ಚೂರು ಅವ್ವನ ಸೆರಗಿಗೆ ಹಾರಿತು. ನನಗೆ ನಗು ಬರಬೇಕಿತ್ತು, ಬಂದದ್ದು ವಾಕರಿಕೆ.

ಸಂಡೂರು ಗುಡ್ಡದ ಮೇಲಿನ ರಾಮಗಡದ ಬಂಗಲೆ ಖಾಲಿ ಮಾಡಿ ತನ್ನ ಸೀಮೆಗೆ ಹೊರಟ ಇಂಗ್ಲಿಷ್ ದೊರೆಯ ಹರಾಜಿನಲ್ಲಿ ತಂದದ್ದು ಎಂದೆ ನೀನು. ನೂರು ವರ್ಷಕ್ಕೂ ಹಳೆಯದು ಎಂದೆ. ನೂರು ವರ್ಷ ಅಂದರೆ ಎಷ್ಟು ಬಾಯಿ ಅಣ್ಣ! ಎಷ್ಟು ಜನರ ನಾಲಿಗೆ, ಎಷ್ಟು ಮಾಂಸದ ರಸ! ಆ ದೊಡ್ಡ ಚಮಚದ ಅಂಚು ಒಂದು ಮಗ್ಗುಲಿಗೆ ಸವೆದಿರುವುದನ್ನು ನೀನೇ ಬೆರಳಿಟ್ಟು ತೋರಿಸಿದೆ. "ನೋಡವಾ, ಎಷ್ಟು ಹಳೇದು ಅಂತ ಇದರಾಗ ಗೊತ್ತಾಗತೈತಿ" ಎಂದೆ. ಯಾರೋ ಗುರುತಿಲ್ಲದ ಮುದುಕ ನೆಕ್ಕಿ ನೆಕ್ಕಿ ಸವೆಸಿದ ಜಾಗ ಅದು. ಅದರಲ್ಲಿ ನನ್ನ ತಾಟಿಗೆ ತುಪ್ಪ ಹಾಕಿದೆ. ತಂಬಿಗೆಯ ನೀರನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಮನೆ ನಮ್ಮದು. ಹಿತ್ತಲಿಗೆ ಓಡಿಹೋಗಿ ಕಾರಿಕೊಂಡೆ. ಅದಕ್ಕೆ ಚಮಚವೊಂದೇ ಕಾರಣವಲ್ಲ, ಆದರೆ ಚಮಚವೂ ಕಾರಣ.

ಇನ್ನೊಂದು ಮಾತು. ಅವ್ವನ ಕಟ್ಟಿಗೆ ಪೆಟ್ಟಿಗೆಯಲ್ಲಿ ನಮ್ಮ ಬೆಳ್ಳಿ ಒಳಲೆ ಇದೆಯಲ್ಲ, ನೀನೂ ನಾನೂ ಕೂಸಾಗಿದ್ದಾಗ ಹಾಲು ಕುಡಿದದ್ದು, ಅದು ನನಗೆ ಬೇಕು. ನೀನು ಹಲ್ಲು ಬರುವಾಗ ಕಚ್ಚಿ ಗುಳಿ ಮಾಡಿದ ಜಾಗವನ್ನು ಅವ್ವ ಈಗಲೂ ತೋರಿಸುತ್ತಾಳೆ. ಅಮ್ಮಜ್ಜಿಯಿಂದ ಅವ್ವನಿಗೆ ಬಂದ ವಸ್ತು, ಅವ್ವನಿಂದ ನನಗೆ ಬರಬೇಕಾದದ್ದು. ಕಾರಣ ಈಗ ಬರೆಯುವಂತಿಲ್ಲ. ಹಿಂದೆ ಎರಡು ಸಲ ಜಲ್ದಿ ಬಾಯಿಬಿಟ್ಟು ಕಳೆದುಕೊಂಡಿದ್ದೇನೆ, ಈ ಸಲ ಅತ್ತೆ ನನ್ನ ಬಾಯಿ ಕಟ್ಟಿದ್ದಾರೆ. ನಿನಗೆ ಅರ್ಥವಾಗಬೇಕು. ಜೋಪಾನವಾಗಿ ತೆಗೆದಿಡು.

ಉಣ್ಣದೆ ಹೋದ ತಂಗಿ,
ಪಂಪಮ್ಮ


ಹೊಸಪೇಟೆ
೨ ಮಾರ್ಚ್ ೧೯೪೬

ತಂಗಿ ಪಂಪಮ್ಮನಿಗೆ ಅಣ್ಣನ ಹಾರೈಕೆಗಳು.

ನಿನ್ನ ಪತ್ರ ಓದಿ ಬೇಜಾರಾಗಲಿಲ್ಲ, ಕನಿಕರವಾಯಿತು. ಕಂಪ್ಲಿಯ ಆಲೆಮನೆಯ ಹೊಗೆಯಲ್ಲಿ ಕೂತವರಿಗೆ ಬೆಲ್ಲದ ಪಾಕದ ಆಚೆ ಜಗತ್ತಿದೆ ಎಂದು ಹೇಗೆ ತಿಳಿಯಬೇಕು? ಸಿಟ್ಟಾಗಬೇಡ, ತಮಾಷೆಗೆ ಬರೆದೆ.

ಇದು ಬರಿಯ ಬೆಳ್ಳಿಯಲ್ಲ ತಂಗಿ, ಸ್ಟರ್ಲಿಂಗ್. ನಮ್ಮ ಮನೆಗಳ ಚೊಕ್ಕ ಬೆಳ್ಳಿ ಮೆತ್ತಗೆ, ಹಲ್ಲು ಊರಿದರೆ ಗುಳಿ ಬೀಳುತ್ತದೆ. ಇಂಗ್ಲಿಷರು ಅದಕ್ಕೆ ಲೆಕ್ಕವಾಗಿ ತಾಮ್ರ ಬೆರೆಸಿ ಗಟ್ಟಿ ಮಾಡುತ್ತಾರೆ, ಗಟ್ಟಿ ಮಾಡಿದ್ದಕ್ಕೆ ಸರಕಾರದ ಮುದ್ರೆ ಹಾಕುತ್ತಾರೆ. ಹಿಡಿಯ ಹಿಂದೆ ನಡೆಯುವ ಸಿಂಹ, ಪಕ್ಕದಲ್ಲಿ ರಾಜನ ತಲೆ, ಆಮೇಲೆ ವರ್ಷ ಹೇಳುವ ಒಂದು ಅಕ್ಷರ. ಭೂತಗನ್ನಡಿ ಹಿಡಿದು ಆ ಸಿಂಹವನ್ನು ನೋಡುತ್ತ ಕೂತರೆ ಪಕ್ಕದ ಗಿರಣಿಯ ಸದ್ದೂ ಕಿವಿಗೆ ಬೀಳುವುದಿಲ್ಲ. ಯುದ್ಧ ಮುಗಿದು ದೊರೆಗಳು ಗಂಟುಮೂಟೆ ಕಟ್ಟುತ್ತಿರುವ ಈ ಕಾಲದಲ್ಲಿ ಕಣ್ಣಿದ್ದವನು ಕೂಡಿಸಿಕೊಳ್ಳಬೇಕು. ಸಂಡೂರಿನ ಗುಡ್ಡದ ಬಂಗಲೆಗಳಲ್ಲಿ ಎಂತೆಂಥದಿತ್ತು ಅನ್ನುತ್ತೀ! ಉಪ್ಪಿಡುವುದಕ್ಕೆ ನೀಲಿ ಗಾಜಿನ ಬಟ್ಟಲು, ದ್ರಾಕ್ಷಿ ಕತ್ತರಿಸುವುದಕ್ಕೇ ಒಂದು ಕತ್ತರಿ, ಚಹಾದ ಗಿಂಡಿ. ಒಂದು ಉದ್ದನೆಯ ಸಲಾಕೆಯಂಥ ಚಮಚವೂ ಸಿಕ್ಕಿದೆ, ಎರಡು ತುದಿಗೂ ಸಣ್ಣ ದೋಣಿಯಂತೆ ತೋಡಿದ್ದು. ಭರಣಿಯ ತಳದಿಂದ ಉಪ್ಪಿನಕಾಯಿ ತೆಗೆಯಲು ಹೇಳಿ ಮಾಡಿಸಿದಂತಿದೆ. ಕಳೆದ ಸೋಮವಾರ ಐನೋರು ಕೊಟ್ರಯ್ಯನವರು ಪೂಜೆಗೆ ಬಂದಿದ್ದರು, ಅದರಲ್ಲೇ ಬಡಿಸಿದೆ. ಎರಡು ಸಲ ಹಾಕಿಸಿಕೊಂಡರು.

ನನ್ನ ಸಂಕಟ ಒಂದೇ. ಒಂದೇ ಅಚ್ಚಿನ ಚಮಚಗಳ ಸೆಟ್ಟು, ನೀಲಿ ಮಕಮಲ್ಲಿನ ಪೆಟ್ಟಿಗೆ, ಹನ್ನೆರಡು ಗುಂಡಿ. ಇರುವುದು ಹನ್ನೊಂದು. ಪೆಟ್ಟಿಗೆ ತೆರೆದಾಗಲೆಲ್ಲ ಬಾಯಲ್ಲಿ ಹಲ್ಲು ಬಿದ್ದ ಹಾಗೆ ಆ ಜಾಗ ಕಾಣುತ್ತದೆ. ಬಳ್ಳಾರಿ ದಂಡಿನ ಹರಾಜುಗಳಲ್ಲೂ ಹುಡುಕಿಸಿದೆ. ಸಿಗಲಿಲ್ಲ.

ಎಂಜಲು ಎಂಜಲು ಎನ್ನುತ್ತೀ. ಬಿಸಿನೀರಿದೆ, ಹುಣಸೆಹುಳಿ ಇದೆ, ಬೂದಿ ಇದೆ. ತೊಳೆದ ಮೇಲೆ ಎಲ್ಲಿಯ ಎಂಜಲು?

ಅವ್ವ ಆರಾಮಾಗಿದ್ದಾಳೆ.

ನಿನ್ನ ಅಣ್ಣ,
ತೋಟಪ್ಪ


ಕಂಪ್ಲಿ
೨೪ ಮಾರ್ಚ್ ೧೯೪೬

ಅಣ್ಣನಿಗೆ ಶರಣು.

ಸಿಂಹದ ಬಗ್ಗೆ ಬರೆದೆ, ರಾಜನ ತಲೆಯ ಬಗ್ಗೆ ಬರೆದೆ. ಒಳಲೆಯ ಬಗ್ಗೆ ಒಂದಕ್ಷರವಿಲ್ಲ. ನನ್ನ ಪತ್ರದ ಕೊನೆ ಓದಿದೆಯೋ ಇಲ್ಲವೋ? ನಮ್ಮ ಮನೆಯವರು ಯುಗಾದಿ ಕಳೆದ ಮೇಲೆ ಹೊಸಪೇಟೆಯ ಪೇಟೆಗೆ ಬೆಲ್ಲ ತರುತ್ತಾರೆ. ಅವರ ಕೈಯಲ್ಲಿ ಕೊಟ್ಟು ಕಳಿಸು.

ಮತ್ತೆ, ಆ ಸಲಾಕೆ ಯಾತಕ್ಕೆ ಬಳಸುವುದು ಎಂದು ಯಾರನ್ನಾದರೂ ಕೇಳಿದೆಯಾ? ಉಪ್ಪಿನಕಾಯಿಯನ್ನೇ ತಿನ್ನದ ಜನ ಉಪ್ಪಿನಕಾಯಿಗೆಂದು ಬೆಳ್ಳಿಯ ಸಲಾಕೆ ಯಾಕೆ ಮಾಡಿಸಿಕೊಳ್ಳುತ್ತಾರೆ? ನನಗೇನೋ ಅದರ ವರ್ಣನೆ ಓದಿಯೇ ಬಾಯಲ್ಲಿ ನೀರು ಕೂತಿತು, ರುಚಿಯ ನೀರಲ್ಲ.

ಪಂಪಮ್ಮ


ಹೊಸಪೇಟೆ
೨೦ ಏಪ್ರಿಲ್ ೧೯೪೬

ಪ್ರೀತಿಯ ತಂಗಿಗೆ,

ಹನ್ನೆರಡಾಯಿತು! ಈ ಸುದ್ದಿ ಮೊದಲು ನಿನಗೇ ಬರೆಯುತ್ತಿದ್ದೇನೆ, ನೀನು ಮೂಗು ಮುರಿಯುತ್ತೀ ಎಂದು ಗೊತ್ತಿದ್ದೂ.

ಎಲ್ಲೂ ಸಿಗದ ಮೇಲೆ ನಮ್ಮ ಓಣಿಯ ಪತ್ತಾರನನ್ನು ಕರೆಸಿದೆ. ಒಂದು ಚಮಚ ಕೈಗೆ ಕೊಟ್ಟು "ಇದರಂಗ ಇನ್ನೊಂದು ಮಾಡತೀಯೇನು?" ಎಂದೆ. ಅವನು ತಿರುಗಿಸಿ ಮುರುಗಿಸಿ ನೋಡಿ "ಅದೇನ್ರೀ, ಮಣ್ಣಾಗ ಅಚ್ಚು ತಗದು ಎರಕ ಹೊಯ್ದ್ರ ಆತು, ಆ ಸಿಂಹನೂ ಬರತೈತಿ" ಎಂದ. ಬಂತು ತಂಗಿ! ಸಿಂಹ ಬಂತು, ರಾಜನ ತಲೆ ಬಂತು, ವರ್ಷದ ಅಕ್ಷರವೂ ಬಂತು. ಅರದಿಂದ ಉಜ್ಜಿ, ಮೆರುಗು ಕೊಟ್ಟು, ಹನ್ನೊಂದರ ನಡುವೆ ಇಟ್ಟ. ಪೆಟ್ಟಿಗೆ ತುಂಬಿತು. ಮಾರನೆಯ ದಿನ ಎಲ್ಲವನ್ನೂ ತೊಳೆಸಿ ಒರೆಸಿ ಮತ್ತೆ ಜೋಡಿಸಿದ್ದೇನೆ. ಈಗ ಯಾವುದು ದೊರೆಯದು, ಯಾವುದು ಪತ್ತಾರನದು ಎಂದು ಭೂತಗನ್ನಡಿ ಹಿಡಿದರೂ ನನಗೇ ತಿಳಿಯುವುದಿಲ್ಲ. ಅಂಥ ಕೆಲಸ!

ಬೆಳ್ಳಿಗೆ ಎಲ್ಲಿ ಹೋಗಲಿ ಎಂಬ ಯೋಚನೆಯಿತ್ತು. ಪತ್ತಾರರ ಹತ್ತಿರ ಕೊಳ್ಳುವ ಬೆಳ್ಳಿಯಲ್ಲಿ ಏನು ಬೆರೆತಿರುತ್ತದೋ. ಅವ್ವನ ಪೆಟ್ಟಿಗೆಯ ತಳದಲ್ಲಿ ಆ ಹಳೆಯ ಒಳಲೆ ಬಿದ್ದಿತ್ತು, ನೀನೂ ಅದರ ಹೆಸರೆತ್ತಿದ್ದರಿಂದಲೇ ನೆನಪಾಯಿತು. ನಮ್ಮ ಮನೆಯಲ್ಲಿ ಈಗ ಹಾಲು ಕುಡಿಯುವ ಕೂಸಿಲ್ಲ. ಅದರ ಅಂಚೂ ನೆಗ್ಗಿತ್ತು. ತೂಕ ಹೇಳಿ ಮಾಡಿಸಿದ ಹಾಗೆ ಸರಿಹೋಯಿತು. ನಿನಗೆ ಬೇಕಾದರೆ ಪೇಟೆಯಲ್ಲಿ ಇದಕ್ಕಿಂತ ಚೆಂದದ ಹೊಸ ಒಳಲೆ ಕೊಡಿಸುತ್ತೇನೆ, ಚಿಂತೆ ಬೇಡ. ಅವ್ವನಿಗೆ ಇನ್ನೂ ಹೇಳಿಲ್ಲ, ನಿಧಾನಕ್ಕೆ ಹೇಳುತ್ತೇನೆ.

ಒಂದು ಸಲ ಬಂದು ಪೆಟ್ಟಿಗೆ ನೋಡು.

ಖುಷಿಯಲ್ಲಿರುವ ನಿನ್ನ ಅಣ್ಣ,
ತೋಟಪ್ಪ


ಹಂಪಿ
೯ ಮೇ ೧೯೪೬

(ಅವ್ವ ಜಂಬಮ್ಮನವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ. ಕೊಟ್ರಯ್ಯ.)

ಪಂಪೀ, ನಾ ಈಗ ಹಂಪ್ಯಾಗ ಅದೀನಿ. ನನ್ನ ಗೆಳತಿ ಮರುಳಸಿದ್ದಮ್ಮ ಬಜಾರದ ಮಂಟಪದಾಗ ಇರತಾಳಲ್ಲ, ಅಕಿ ಜೋಡಿ. ಗಾಬ್ರಿ ಆಗಬ್ಯಾಡ. ಮೈ ಚೊಲೋ ಐತಿ. ಮನಿ ಬಿಟ್ಟು ಬಂದೀನಿ ಅಷ್ಟ.

ಹೊನ್ನೂರಸ್ವಾಮಿ ಅಂತ ಒಬ್ಬಾಂವ, ಆ ದೊರಿ ಬಂಗ್ಲ್ಯಾಗ ಬಟ್ಲರ್ ಇದ್ದಾಂವ. ಇನ್ನೂ ಏನೋ ಸಾಮಾನು ಅದಾವ ಅಂತ ಹೇಳಾಕ ಮನಿಗೆ ಬಂದಿದ್ದ. ನಾವು ಉಣ್ಣಾಕ ಕುಂತಿದ್ವಿ. ನಿಮ್ಮಣ್ಣ ಭರಣ್ಯಾಗ ಆ ಸಲಾಕಿ ಹಾಕಿ ಮಾವಿನಕಾಯಿ ತಗಿಯಾಕ ಹತ್ತಿದ್ದ. ಅಂವ ಬಾಗಲ್ದಾಗ ನಿಂತು ನೋಡಿದ, ನಗಲೋ ಬ್ಯಾಡೋ ಅಂತ ಬಾಯಿಗೆ ಟವಲ್ ಹಿಡಕೊಂಡ. "ಯಾಕೋ" ಅಂದೆ. "ಏನಿಲ್ಲಬೇ" ಅಂದ. ನಾ ಬಿಡಲಿಲ್ಲ. ಆಮ್ಯಾಲ ಹೇಳಿದ. ದನದ ಎಲುಬು ಕುದಿಸಿ, ಅದರೊಳಗಿನ ನೆಣ ಕೆರದು ಕೆರದು ತಿನ್ನೋದಂತ ಆ ಸಲಾಕಿ. ದೊಡ್ಡ ಎಲುಬಿಗೆ ಆ ತುದಿ, ಸಣ್ಣ ಎಲುಬಿಗೆ ಈ ತುದಿ.

ನಿನ್ನ ಅತ್ತಿಗಿ ಭೀಮವ್ವ ಹಿತ್ತಲಿಗೆ ಓಡಿದ್ಲು. ಎರಡು ತಿಂಗಳ ತಿಂದೀವಿ ಪಂಪೀ! ಅಷ್ಟಾದ್ರೂ ನಿಮ್ಮಣ್ಣ ಏನಂದ ಗೊತ್ತೇನು? "ತೊಳದೈತಲ್ಲವಾ" ಅಂದ. ಹಂಗಂದು ಅನ್ನ ಕಲಿಸಿದ. ನಾ ಹೆತ್ತ ಮಗ ಅದನ್ನ ಬಾಯಿಗೆ ಇಟ್ಕೊಳ್ಳೋದು ನೋಡಿ ನನಗ ನನ್ನ ಮಗನ ಮ್ಯಾಗ ಹೇಸಿಗಿ ಬಂತು. ಇದನ್ನ ಯಾವ ತಾಯಿ ಹೇಳಬಾರದು. ಹೇಳೀನಿ.

ಭರಣಿ ತಿಪ್ಪಿಗೆ ಹಾಕಿಸಿ, ಉಟ್ಟ ಸೀರ್ಯಾಗನ ಬಂದೆ.

ನೀ ಹೇಳದಿದ್ರೂ ನನಗ ಗೊತ್ತು. ಸಂಕ್ರಾಂತ್ಯಾಗ ನೀ ಹಿತ್ತಲಿಗೆ ಓಡಿದಾಗನ ಗೊತ್ತು. ಅಂಜಬ್ಯಾಡ. ನಿನ್ನ ಒಳಲಿ ನನ್ನ ಪೆಟ್ಟಿಗ್ಯಾಗ ಐತಿ, ಅರಿವ್ಯಾಗ ಸುತ್ತಿ ತಳದಾಗ ಇಟ್ಟೀನಿ. ಅದರಾಗ ಹಾಲು ಕುಡದ ಯಾವ ಕೂಸೂ ನಮ್ಮನ್ಯಾಗ ಕೈ ಬಿಟ್ಟು ಹೋಗಿಲ್ಲ. ಏಳು ತಿಂಗಳ ಕುಬಸಕ್ಕ ಬರುವಾಗ ನಾನ ತರತೀನಿ.

(ತಾಯೀ, ಆ ಸೋಮವಾರ ನಿಮ್ಮ ತವರಿನಲ್ಲಿ ಉಪ್ಪಿನಕಾಯಿ ಎರಡು ಸಲ ಹಾಕಿಸಿಕೊಂಡವನು ನಾನೇ. ಈ ಪತ್ರ ಬರೆಯುವಾಗ ನಡುವೆ ಎದ್ದು ಹೊಳೆಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ. ಕೊಟ್ರಯ್ಯ.)


ಕಂಪ್ಲಿ
೨೮ ಜೂನ್ ೧೯೪೬

ತೋಟಪ್ಪನಿಗೆ,

ಎರಡು ತಿಂಗಳು ನಿನಗೆ ಪತ್ರ ಬರೆಯಲಿಲ್ಲ. ನಿನ್ನ ಹೆಸರು ಬರೆಯಲು ಕೂತರೆ ಹೊಟ್ಟೆಯಲ್ಲಿದ್ದದ್ದೆಲ್ಲ ಮೇಲಕ್ಕೆ ಬರುತ್ತಿತ್ತು. ಬಸುರಿಯ ವಾಕರಿಕೆ ಮೂರು ತಿಂಗಳಿಗೆ ನಿಲ್ಲುತ್ತದೆ ಎನ್ನುತ್ತಾರೆ. ನನ್ನದು ನಿಂತಿತ್ತು. ನಿನ್ನ ಏಪ್ರಿಲ್ ಪತ್ರ ಬಂದ ದಿನ ಮತ್ತೆ ಶುರುವಾಯಿತು.

ಮೊನ್ನೆ ಕುಬಸವಾಯಿತು. ಅತ್ತಿಗೆ ಬಂದು ಉಡಿ ತುಂಬಿದಳು. ನೀನು ಬರಲಿಲ್ಲ. ಅವ್ವ ಬಂದಳು. ಹಂಪಿಯಿಂದ ಹೊರಟವಳು ಮೊದಲು ಹೊಸಪೇಟೆಗೆ ಹೋಗಿ ತನ್ನ ಪೆಟ್ಟಿಗೆ ತೆಗೆದಳಂತೆ. ತಳದಲ್ಲಿ ಸುತ್ತಿಟ್ಟ ಅರಿವೆ ಇತ್ತಂತೆ, ಬರಿಯ ಅರಿವೆ. ಒಳಲೆ ಚಮಚವಾದದ್ದನ್ನು ಅತ್ತಿಗೆಯೇ ಅವಳಿಗೆ ಹೇಳಬೇಕಾಯಿತಂತೆ, ಆಮೇಲೆ ಇದನ್ನೆಲ್ಲ ನನಗೆ ಹೇಳಿದಳು. ಅವ್ವ ಏನೂ ಹೇಳಲಿಲ್ಲ. ಹಸಿರು ಬಳೆ ತೊಡಿಸುವಾಗ ನನ್ನ ಕೈ ಹಿಡಿದುಕೊಂಡೇ ಇದ್ದಳು, ಮುಖ ನೋಡಲಿಲ್ಲ. ನನಗೆ ಮೊದಲೇ ಗೊತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಊಟ ಮಾಡದೆ ಹಂಪಿಗೆ ವಾಪಸು ಹೋದಳು.

ನೀನು ಓದಿದವನು. "ಎರಡು ಸಲ ಜಲ್ದಿ ಬಾಯಿಬಿಟ್ಟು ಕಳೆದುಕೊಂಡಿದ್ದೇನೆ" ಎಂದು ಬರೆದಿದ್ದೆ. ನಮ್ಮ ಆಲೆಮನೆಯಲ್ಲಿ ಕಬ್ಬು ಹಿಂಡುವ ಎರ್ರೆಮ್ಮನಿಗೆ ಈ ಮಾತು ಹೇಳಿದ್ದರೆ ಅರ್ಥವಾಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಿನಗೆ ನೆನಪಾದದ್ದು ಬೆಳ್ಳಿಯ ತೂಕ. ನಾನು ಬೇಕೆಂದು ಕೇಳಿದ್ದೇ ತಪ್ಪಾಯಿತು, ಕೇಳಿ ನೆನಪು ಮಾಡಿಕೊಟ್ಟೆ.

ಅವ್ವನ ಹಾಲಿನ ಬೆಳ್ಳಿಯನ್ನು ಕರಗಿಸಿ ಹೊರಗಿನವರ ಎಂಜಲಿನ ಜೊತೆ ಮಲಗಿಸಿದ್ದೀ. ಅಸಹ್ಯ ಅನ್ನುವುದಕ್ಕೆ ಬೇರೆ ಮಾತು ನನಗೆ ಸಿಗುತ್ತಿಲ್ಲ. ಅದರ ಮೇಲೆ "ಬಂದು ಪೆಟ್ಟಿಗೆ ನೋಡು" ಎಂದು ಬರೆಯುತ್ತೀ.

ಹೊಸ ಒಳಲೆ ನನಗೆ ಬೇಡ. ಆ ಚಮಚ ಕಳಿಸು. ಹನ್ನೆರಡನೆಯದು. ಇಲ್ಲಿಯ ಪತ್ತಾರ ಅದನ್ನು ಮತ್ತೆ ಒಳಲೆ ಮಾಡುತ್ತಾನೆ. ಭಾದ್ರಪದದ ಹೊತ್ತಿಗೆ ನನ್ನ ಕೈಯಲ್ಲಿರಬೇಕು. ಇದು ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅವ್ವನ ಬೆಳ್ಳಿ ಇದ್ದರೆ ಉಳಿಯುತ್ತದೆ ಎಂದು ಅವ್ವ ನಂಬಿದ್ದಾಳೆ, ನಾನೂ ನಂಬಿದ್ದೇನೆ. ಬಾಣಂತನಕ್ಕೆ ನಿನ್ನ ಮನೆಗೆ ಬರುವುದಿಲ್ಲ.

ಪಂಪಮ್ಮ


ಹೊಸಪೇಟೆ
೯ ಜುಲೈ ೧೯೪೬

ತಂಗಿ ಪಂಪಮ್ಮನಿಗೆ,

ಏನು ಬರೆಯಬೇಕೋ ತಿಳಿಯದೆ ಮೂರು ಕಾಗದ ಹರಿದಿದ್ದೇನೆ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಟ್ಟುತ್ತಿರಲಿಲ್ಲ. ಒಂದು ಮಾತು ಮಾತ್ರ ಕೇಳುತ್ತೇನೆ, ಸಿಟ್ಟು ಮಾಡಬೇಡ: ಒಳಲೆಯೂ ನಾಲ್ಕು ಬಾಯಿ ಕಂಡದ್ದೇ ಅಲ್ಲವೇ? ನನ್ನ ಎಂಜಲಿನ ಮೇಲೆ ನೀನು ಕುಡಿದವಳಲ್ಲವೇ?

ಇದರ ಜೊತೆ ಚಮಚ ಕಳಿಸಿದ್ದೇನೆ. ಬೆಲ್ಲದ ಗಾಡಿಯ ಹಂಪಯ್ಯನ ಕೈಯಲ್ಲಿ, ಅರಿವೆಯಲ್ಲಿ ಸುತ್ತಿ. ಪತ್ತಾರನನ್ನು ಕೇಳಿದೆ. ಹನ್ನೆರಡನ್ನೂ ಒರೆಗಲ್ಲಿಗೆ ಉಜ್ಜಿದರೆ ಹೇಳಬಲ್ಲೆ ಎಂದ. ಉಜ್ಜಿದರೆ ಗೀರು ಬೀಳುತ್ತದೆ, ಸೆಟ್ಟು ಕೆಡುತ್ತದೆ. ಆದ್ದರಿಂದ ನಾನೇ ಬಿಸಿಲಿಗೆ ಹಿಡಿದು ಬಣ್ಣ ನೋಡಿ, ಕೈಯಲ್ಲಿ ತೂಗಿ ನೋಡಿ ಆರಿಸಿದ್ದೇನೆ. ಉಳಿದವಕ್ಕಿಂತ ತುಸು ಬೆಳ್ಳಗಿದೆ. ಇದೇ ಇರಬೇಕು.

ತೋಟಪ್ಪ


ಕಂಪ್ಲಿ
೧೫ ಜುಲೈ ೧೯೪೬

ಇದೇ ಇರಬೇಕು?

ಚಮಚ ವಾಪಸು ಕಳಿಸಿದ್ದೇನೆ. ಇಕ್ಕಳದಲ್ಲಿ ಹಿಡಿದು ಹಂಪಯ್ಯನ ಚೀಲಕ್ಕೆ ಹಾಕಿದೆ. ಯಾರ ಬಾಯಲ್ಲಿದ್ದದ್ದೋ ಏನೋ, ಅದನ್ನು ನನ್ನ ಕೂಸಿನ ಬಾಯಿಗಿಡು ಎಂದು ಕಳಿಸಿದ್ದೀ. ಗೀರು ಬೀಳುತ್ತದೆ ಎಂದು! ಥೂ.

ಕೂಸುಗಳ ಬಾಯಿಗೆ ಎಂಜಲಿಲ್ಲ. ಅವ್ವ ಇದನ್ನು ನಿನಗೂ ಹೇಳಿಕೊಟ್ಟಿದ್ದಳು.

ಪಂ.


ಹೊಸಪೇಟೆ
೨ ಆಗಸ್ಟ್ ೧೯೪೬

ತಂಗೀ,

ಈ ಪತ್ರವನ್ನು ಓದದೆ ಒಲೆಗೆ ಹಾಕಬೇಡ. ಓದಿದ ಮೇಲೆ ಹಾಕು.

ನೀನು ವಾಪಸು ಕಳಿಸಿದ ಮೇಲೂ ನಾನು ಒರೆಗಲ್ಲಿಗೆ ಹೋಗಲಿಲ್ಲ. ಯಾಕೆ ಎಂದು ನೀನು ಬರೆದಿದ್ದೀ, ಮತ್ತೆ ಬರೆಯುವುದಿಲ್ಲ. ಪೆಟ್ಟಿಗೆ ಹಿಡಿದುಕೊಂಡು ಹಂಪಿಗೆ ಹೋದೆ. ಅವ್ವ ಎಷ್ಟೋ ವರ್ಷ ತಿಕ್ಕಿದ ಬೆಳ್ಳಿ, ನೋಡಿದರೆ ಗುರುತು ಹಿಡಿಯುತ್ತಾಳೆ ಎಂದುಕೊಂಡೆ. ಕಡ್ಡಿರಾಂಪುರದ ಹತ್ತಿರ ಎತ್ತು ಕುಂಟಿತು, ಅಲ್ಲಿಂದ ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ನಡೆದೆ.

ಅವ್ವ ಮಂಟಪದ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಮೊರ ಪಕ್ಕಕ್ಕಿಟ್ಟಳು. ಬಾ ಅನ್ನಲಿಲ್ಲ. ನಾನು ಪೆಟ್ಟಿಗೆ ತೆರೆದೆ. ಬಿಸಿಲಿಗೆ ಹನ್ನೆರಡೂ ಹೊಳೆದವು. ಬಜಾರದಲ್ಲಿ ಹೋಗುವವರು ನಿಂತು ನೋಡತೊಡಗಿದರು.

"ಯಾವುದು?" ಎಂದಳು.

"ಗುರುತು ಸಿಗವಲ್ದವಾ. ನೀ ನೋಡು."

ನೋಡಿದಳು. ಅವಳ ಕಣ್ಣಿಗೂ ಸಿಗಲಿಲ್ಲ. ಬೆರಳಿಂದ ಮುಟ್ಟಿದಳು, ಸಿಗಲಿಲ್ಲ. ಆಮೇಲೆ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಸೆರಗಿನೊಳಗೆ ಬೆನ್ನಿಗೆ ಸರಿಸಿಕೊಂಡಳು. ಯಾಕೆ ಹಾಗೆ ಮಾಡಿದಳು ಎಂದು ನನಗೆ ಹೊಳೆಯುವಷ್ಟರಲ್ಲಿ ಒಂದು ಚಮಚ ಎತ್ತಿ ಬಾಯಿಗಿಟ್ಟಿದ್ದಳು.

ತಂಗೀ, ನಮ್ಮವ್ವ! ಬೇರೆಯವರು ನೀರು ಸೇದಿದ ಬಾವಿಯ ಹಗ್ಗ ಮುಟ್ಟಿದರೂ ಕೈ ತೊಳೆಯುವವಳು.

"ಅವಾ, ಬ್ಯಾಡ, ತಡಿ, ಹೊಳಿಗೆ ಹೋಗಿ ತೊಳಕೊಂಡು ಬರತೀನಿ" ಎಂದೆ.

"ತೊಳದೈತಲ್ಲೋ" ಎಂದಳು. ನನ್ನ ಮಾತನ್ನೇ ನನಗೆ ಕೊಟ್ಟಳು.

ಬಲಗಡೆ ಉಳಿದಿರುವ ಆ ಎರಡು ಹಲ್ಲಿನ ನಡುವೆ ಅಂಚನ್ನು ಇಟ್ಟು ಕಣ್ಣು ಮುಚ್ಚಿ ಕಚ್ಚುತ್ತಿದ್ದಳು. ತೆಗೆದು ಬೆರಳಾಡಿಸಿ ನೋಡುತ್ತಿದ್ದಳು. ಗಟ್ಟಿ ಇದ್ದರೆ ಕಟ್ಟೆಯ ಮೇಲೆ ಒಗೆದು, ಉಗುಳಿ, ಇನ್ನೊಂದು ಎತ್ತುತ್ತಿದ್ದಳು. ಅವಳ ಬಾಯಿಗೆ ಅವು ಒಂದೊಂದಾಗಿ ಹೋಗುವುದನ್ನು ನೋಡುತ್ತ ನಿಂತೆ. ನಾನು ತಿಂಗಳುಗಟ್ಟಲೆ ಮೆರುಗು ಕೊಟ್ಟು ಕೂತ ಆ ಬೆಳ್ಳಿಯ ಮೇಲೆ ಆಗ ನನಗೆ ಜೀವಮಾನದಲ್ಲಿ ಮೊದಲ ಸಲ ನೀನು ಹೇಳುವ ನಾಲಿಗೆಗಳೆಲ್ಲ ಕಂಡವು. ಮೈಮೇಲೆ ಹುಳ ಹರಿದ ಹಾಗಾಯಿತು. ಕೈ ಹಿಡಿದು ನಿಲ್ಲಿಸಬೇಕಿತ್ತು. ನಿಲ್ಲಿಸಿದ್ದರೆ ನಿನ್ನ ಬೆಳ್ಳಿ ಸಿಗುತ್ತಿರಲಿಲ್ಲ.

ಎಷ್ಟನೆಯದೋ ನಾನು ಎಣಿಸಲಿಲ್ಲ. ಒಂದರ ಅಂಚು ಹಲ್ಲಿಗೆ ಬಾಗಿತು. ಅವ್ವ ಕಣ್ಣು ಬಿಟ್ಟಳು. ಹೆಬ್ಬೆರಳಿಂದ ಸವರಿ ನೋಡಿದಳು. ಗುಳಿ ಬಿದ್ದಿತ್ತು.

"ಇದು ನಂದು" ಎಂದಳು. "ಹಲ್ಲು ಬರುವಾಗ ನೀ ಹಿಂಗ ಕಚ್ಚಿದ್ದಿ ಲೇ ತೋಟ್ಯಾ. ಆಗ ನಿನ್ನ ಬೈದಿದ್ದೆ."

ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊಳೆಗೆ ಇಳಿದಳು. ಬೂದಿ ಹಚ್ಚಿ ಹಲ್ಲು ತಿಕ್ಕಿದಳು, ಮುಕ್ಕಳಿಸಿದಳು, ಮತ್ತೆ ತಿಕ್ಕಿದಳು. ಒಸಡಿನಿಂದ ರಕ್ತ ಬಂತು, ಆದರೂ ಬಿಡಲಿಲ್ಲ. ಕೊಟ್ರಯ್ಯನವರು ಬಂದು ಪಾದೋದಕ ಕೊಟ್ಟು, "ಸಾಕ್ರೀ ಅವ್ವಾರ, ಸಾಕು" ಎಂದ ಮೇಲೆ ಮೆಟ್ಟಿಲ ಮೇಲೆ ಕೂತಳು. ನಿನಗೆ ನೋವು ಬರುವ ಮುಂಚೆ ತಾನೇ ಕಂಪ್ಲಿಗೆ ಬಂದು ಇರುತ್ತಾಳಂತೆ. ಚಮಚ ಅವಳ ಹತ್ತಿರವೇ ಇದೆ.

ಉಳಿದ ಹನ್ನೊಂದನ್ನು ನಾನು ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಎಸೆದೆ ಎಂದು ಬರೆಯಬಹುದಿತ್ತು, ನೀನು ನಂಬುತ್ತಿದ್ದೆ. ಎಸೆಯಲಿಲ್ಲ. ಅವ್ವ ಮೆಟ್ಟಿಲ ಮೇಲಿಂದ ನೋಡುತ್ತಿದ್ದಳು.

ತೋಟಪ್ಪ


ಕಂಪ್ಲಿ
೬ ಅಕ್ಟೋಬರ್ ೧೯೪೬

ಅಣ್ಣನಿಗೆ,

ಹೆಣ್ಣು ಕೂಸು. ಮೂರು ವಾರವಾಯಿತು. ಇದೆ. ಅಳುತ್ತದೆ, ಕುಡಿಯುತ್ತದೆ, ಅತ್ತೆಯ ಮಡಿಲಲ್ಲಿ ನಿದ್ದೆ ಮಾಡುತ್ತದೆ. ಹೆಚ್ಚು ಬರೆಯುವುದಿಲ್ಲ, ಬರೆದರೆ ಭಯವಾಗುತ್ತದೆ.

ನಿನ್ನ ಪತ್ರ ಒಲೆಗೆ ಹಾಕಲಿಲ್ಲ. ಕೊನೆಯ ನಾಲ್ಕು ಸಾಲು ಓದಿ ಹಾಕಬೇಕೆನ್ನಿಸಿತು. ಅವ್ವ ಉಗುಳಿ ಒಗೆದದ್ದನ್ನು ಒಂದೊಂದಾಗಿ ಆರಿಸಿ ಒರೆಸಿಟ್ಟೆಯಲ್ಲ, ಅದಕ್ಕೆ ನನ್ನ ಹೇಸಿಗೆ ಹೋಗಿಲ್ಲ, ಹೋಗುವುದೂ ಇಲ್ಲ. ಸುಳ್ಳು ಬರೆಯದೆ ಬರೆದೆ ಎಂಬುದೊಂದೇ ಸಮಾಧಾನ.

ಅವ್ವ ಆ ಚಮಚ ತಂದುಕೊಟ್ಟ ದಿನ ಇಲ್ಲಿಯ ಪತ್ತಾರನನ್ನು ಕರೆಸಿದ್ದೆ. ಒಳಲೆಯ ಅಳತೆ ಹೇಳಿದೆ. ಅವನು ಕುಲುಮೆ ಊದಿ ಇಕ್ಕಳದಲ್ಲಿ ಚಮಚ ಹಿಡಿದುಕೊಂಡ. ಅದರ ಬೆನ್ನಿಗೆ ಆ ಸಿಂಹ ನಡೆಯುತ್ತಿತ್ತು, ಅದು ಕರಗಿಹೋಗಲಿ ಎಂದು ನಾನೇ ಕಾಯುತ್ತ ಕೂತಿದ್ದೆ. ಆಮೇಲೆ ಅವನು ತಿರುಗಿಸಿದ, ಅವ್ವನ ಹಲ್ಲಿನ ಗುಳಿ ಕಾಣಿಸಿತು. ಕೊಡಪ್ಪಾ ಎಂದು ಕಸಿದುಕೊಂಡೆ. ನಿನ್ನ ಹಲ್ಲಿನ ಗುರುತನ್ನು ಒಂದು ಸಲ ಕರಗಿಸಿದ್ದಾಯಿತು, ಇದೊಂದು ಇರಲಿ ಎನ್ನಿಸಿತು. ಅವನಿಗೆ ಬೆಲ್ಲ ಕೊಟ್ಟು ಕಳಿಸಿದೆ. ಕೂಸು ಹುಟ್ಟಿದ ದಿನ ಅತ್ತೆ ಚಮಚ ತೊಳೆಯಲು ಬಿಸಿನೀರು ತಂದರು. ಅವ್ವ ಕಚ್ಚಿದ್ದು, ತೊಳೆಯಬೇಡಿ ಎಂದೆ. ಮೊದಲ ಗುಟುಕು ಹಾಗೆಯೇ ಹಾಕಿದೆ. ಇಷ್ಟು ದಿನ ಎಂಜಲು ಎಂಜಲು ಎಂದು ಕೂಗಿದವಳು ನಾನೇ.

ಆ ಚಮಚ ಕೂಸಿಗೆ ಹಾಲು ಹಾಕಲು ಮಾಡಿದ್ದಲ್ಲ. ಒಳಲೆಗೆ ಮೂತಿಯಿರುತ್ತದೆ, ಇದಕ್ಕಿಲ್ಲ. ಎತ್ತ ಬಾಗಿಸಿದರೂ ಹಾಲು ಅರ್ಧ ಗದ್ದಕ್ಕೆ, ಅರ್ಧ ಕುತ್ತಿಗೆಗೆ. ಎರಡು ದಿನ ಒದ್ದಾಡಿದೆ. ಆಮೇಲೆ ಅವ್ವ ತೋರಿಸಿಕೊಟ್ಟಳು. ಅವಳ ಹಲ್ಲಿಗೆ ಅಂಚು ಬಾಗಿದ ಕಡೆಯಿಂದ ಹಾಕಿದರೆ ಹಾಲು ಅಲ್ಲೇ ಕೂಡಿಕೊಂಡು ಸಣ್ಣಗೆ ಇಳಿಯುತ್ತದೆ. ಒಂದು ಹನಿಯೂ ಚೆಲ್ಲುವುದಿಲ್ಲ.

ಬರುವ ಹದಿನಾಲ್ಕಕ್ಕೆ, ಸೋಮವಾರ, ತೊಟ್ಟಿಲು. ಬಾ. ಪೆಟ್ಟಿಗೆ ತರಬೇಡ. ಅವ್ವ ನಿನ್ನ ಜೊತೆ ಮಾತಾಡುತ್ತಾಳೋ ಇಲ್ಲವೋ ನಾನು ಹೇಳಲಾರೆ, ನಿನ್ನ ಹೆಸರು ಎತ್ತುವುದಿಲ್ಲ. ಆದರೆ ಸೋದರಮಾವ ಕೂಸಿಗೆ ಒಂದು ಗುಟುಕು ಹಾಲು ಹಾಕಬೇಕು, ಅದು ತಪ್ಪಬಾರದು ಎಂದು ಅವಳೇ ಬರೆಸಿದ್ದಾಳೆ. ಕೈ ತೊಳೆದುಕೊಂಡು ಕೂತುಕೊ. ಚಮಚ ಹಿಡಿಯುವ ಮುಂಚೆ ಅಂಚಿನ ಮೇಲೆ ಬೆರಳಾಡಿಸಿ ಅವ್ವನ ಹಲ್ಲು ಎಲ್ಲಿದೆ ನೋಡಿಕೊ. ಅಲ್ಲಿಂದ ಹಾಕು.

ತಂಗಿ,
ಪಂಪಮ್ಮ